ನನ್ನೊಬ್ಬಳನ್ನು ಬಿಟ್ಟು ಊರನ್ನೆಲ್ಲ ಹೆದರಿಸಿದವಳು

ರಾಮನಗರದಲ್ಲಿ ನನ್ನ ಓರಗಿತ್ತಿಯನ್ನು ಕಂಡರೆ ಎದೆ ಹಿಡಿದುಕೊಳ್ಳದ ಗಂಡಸಿಲ್ಲ. ತಪ್ಪು ತಿಳಿಯಬೇಡಿ! ಅವಳೇನೂ ಅಂಥ ಅಪ್ಸರೆಯಲ್ಲ. ನನಗಿಂತ ಒಂದು ಸುತ್ತು ದಪ್ಪ, ನನಗಿಂತ ಒಂದು ಬೆರಳು ಗಿಡ್ಡ. (ಕನ್ನಡಿಯ ಮುಂದೆ ಜೊತೆಗೆ ನಿಂತು ಖಾತ್ರಿ ಮಾಡಿಕೊಂಡೇ ಹೇಳುತ್ತಿದ್ದೇನೆ.) ಜನ ಎದೆ ಹಿಡಿದುಕೊಳ್ಳುವುದು ಶುದ್ಧ ಭಯದಿಂದ. ಯಾಕೆಂದರೆ ಅವಳ ಕೈಯಲ್ಲಿ ಫೋನಿದ್ದರೆ, "ಒಸಿ ಇಲ್ಲಿ ನೋಡಿ" ಎಂದರೆ, ಇನ್ನು ಅರ್ಧ ನಿಮಿಷಕ್ಕೆ ಯಾರೋ ಒಬ್ಬರು "ಅಯ್ಯಯ್ಯಪ್ಪೋ" ಎಂದು ಕುರ್ಚಿಯಿಂದ ಹಾರುವುದು ಖಂಡಿತ.

ಸರಿ, ಹೀಗೆ ಹೆದರಿಸುವವಳನ್ನು ಜನ ದೂರ ಇಡಬೇಕಲ್ಲವೇ? ಶಾಪ ಹಾಕಬೇಕಲ್ಲವೇ? ಅಲ್ಲೇ ಇರುವುದು ಅನ್ಯಾಯ! ಹೆದರಿದವರೆಲ್ಲ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಮದುವೆ ಮನೆಗೆ ಹೋದರೆ, "ಅವ್ರು ಬಂದ್ರಾ? ಎಲ್ಲವ್ರೆ?" ಎಂದು ಅವಳನ್ನು ಹುಡುಕುತ್ತಾರೆ. ನಾನು ಪಕ್ಕದಲ್ಲೇ ರೇಷ್ಮೆ ಸೀರೆಯುಟ್ಟು ನಿಂತಿರುತ್ತೇನೆ. ನಾನು ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ನಾನೂ ಸಮಾಸ, ಸಂಧಿ ಎಂದು ಮಕ್ಕಳನ್ನು ಬೇಕಾದಷ್ಟು ಹೆದರಿಸಿದ್ದೇನೆ. ಒಬ್ಬರೂ ನನ್ನನ್ನು ಹೀಗೆ ಹುಡುಕಿಕೊಂಡು ಬಂದಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಅವಳು ಕನಕಪುರದ ಕಡೆಯ ಹಳ್ಳಿಯವಳು. ನನ್ನ ಮೈದುನನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಇಟ್ಟಿದ್ದ. ಪ್ಲೈವುಡ್ಡಿನ ಪುಟ್ಟ ಪುಟ್ಟ ಗೂಡುಗಳು, ಗೂಡಿಗೊಂದು ಹೂವಿನ ಪರದೆ, ಒಳಗೆ ಗುಡುಗುಟ್ಟುವ ದಪ್ಪ ಕಂಪ್ಯೂಟರು. ಮಧ್ಯಾಹ್ನ ಅವನು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಾಗ ಇವಳು ಕೌಂಟರ್ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಯಾರೋ ಪುಣ್ಯಾತ್ಮರು ಇ-ಮೇಲಿನಲ್ಲಿ ಒಂದು ಆಟ ಕಳಿಸಿದ್ದರು. ಕಿರಿದಾದ ದಾರಿಯೊಳಗೆ ಒಂದು ಚುಕ್ಕೆಯನ್ನು ಗೋಡೆಗೆ ತಾಗದಂತೆ ದಾಟಿಸಬೇಕು. ಮೊದಲ ದಾರಿ ಅಗಲ. ಎರಡನೆಯದು ಕಿರಿದು. ಮೂರನೆಯದು ರೇಷ್ಮೆ ಎಳೆಯಷ್ಟು. ಇವಳು ನಾಲಿಗೆ ಕಚ್ಚಿಕೊಂಡು, ಮೂಗನ್ನು ಗಾಜಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದಾಳೆ. ಇನ್ನೇನು ದಾಟಿತು ಎನ್ನುವಾಗ ಆ ಆಟ ಹೋಗಿ, ತೆರೆ ತುಂಬ ಒಂದು ಮುಖ! ಕೆದರಿದ ಕೂದಲು, ಗುಡ್ಡೆ ಕಿತ್ತು ಬಂದ ಕಣ್ಣು, ಜೊತೆಗೆ ಸ್ಪೀಕರಿನಿಂದ ಕಿವಿ ಹರಿಯುವ ಚೀತ್ಕಾರ!

ಇವಳು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದಳು. ಮೈದುನ ಕೈಯಲ್ಲಿ ಅರ್ಧ ಮುದ್ದೆ ಹಿಡಿದುಕೊಂಡೇ ಓಡಿ ಬಂದ. ಬೇರೆ ಯಾವ ಹೊಸ ಮದುವಣಗಿತ್ತಿಯಾಗಿದ್ದರೂ ಅತ್ತು ತವರಿಗೆ ಫೋನ್ ಮಾಡುತ್ತಿದ್ದಳು. ಇವಳು ಎದ್ದು, ಸೀರೆಯ ಧೂಳು ಕೊಡವಿಕೊಂಡು, ಕಣ್ಣರಳಿಸಿ ಕೇಳಿದಳಂತೆ:

"ರೀ, ಇದ ನಾವೂ ಬೇರೆಯೋರ್ಗೆ ಕಳಿಸ್ಬೌದಾ?"

ಆವತ್ತಿಗೆ ನಮ್ಮ ಸೀಮೆಯ ನೆಮ್ಮದಿ ಮುಗಿಯಿತು.

ಸೈಬರಿಗೆ ಬಂದವರನ್ನೆಲ್ಲ ಅವಳು ಒಬ್ಬೊಬ್ಬರಾಗಿ ಬಲಿ ಹಾಕಿದಳು. ಒಬ್ಬೊಬ್ಬರಿಗೂ ಬೇರೆ ಬೇರೆ ಮೇವು! ಕೆಲಸಕ್ಕೆ ಅರ್ಜಿ ಹಾಕಲು ಬಂದವನಿಗೆ, "ಕೈ ನಡುಗ್ದೆ ಮೂರ್ನೇ ದಾರಿ ದಾಟುದ್ರೆ ಟೈಪಿಂಗ್ ಪರೀಕ್ಷೆ ಪಾಸಾದಂಗೆ." ಪಡ್ಡೆ ಹುಡುಗನಿಗೆ, "ಈ ಫೋಟೋದಾಗಿರೋಳು ಕಣ್ ಹೊಡೀತಾಳಂತೆ, ರೆಪ್ಪೆ ಮಿಟುಕಿಸ್ದೆ ನೋಡು." ಕನ್ನಡಕದ ಹಿರಿಯರಿಗೆ, "ಎರಡು ಚಿತ್ರಕ್ಕೂ ಏನೋ ವ್ಯತ್ಯಾಸ ಐತೆ, ನಮ್ಗೆ ಗೊತ್ತಾಯ್ತಿಲ್ಲ. ನೀವು ತಿಳಿದೋರು." ತಿಳಿದವರು ಹತ್ತಿರ ಬಾಗಿ ನೋಡುತ್ತಿದ್ದರು. ಆಮೇಲೆ ಇಡೀ ಬಸ್ ಸ್ಟ್ಯಾಂಡಿಗೆ ತಿಳಿಯುತ್ತಿತ್ತು.

ಒಮ್ಮೆ ನಾನು ಬಿಗುಮಾನದಿಂದ, "ಅದೇ ಮುಖ, ಅದೇ ಕಿರುಚಾಟ, ಏನಿದೆ ಅದರಲ್ಲಿ?" ಎಂದೆ.

"ಮುಖದಲ್ಲಿ ಏನೂ ಇಲ್ಲ ಕಣಕ್ಕಯ್ಯ. ಅದ್ಕಿಂತ ಮುಂಚೆ ಕಾಯಿಸ್ತೀವಲ್ಲ, ಅದ್ರಾಗಿರದು."

ನೋಡಿ! ಕಾವ್ಯಮೀಮಾಂಸೆಯ ಪುಸ್ತಕಗಳನ್ನು ಅಟ್ಟದ ತುಂಬ ಇಟ್ಟುಕೊಂಡ ನನಗೆ ಈ ಮಾತು ಯಾಕೆ ಮೊದಲು ಹೊಳೆಯಲಿಲ್ಲ?

ಇನ್ನು ಅದು ಹಬ್ಬಿದ ಬಗೆ. ಹೆದರಿದ ಮನುಷ್ಯ ಮೊದಲು ಮಾಡುವ ಕೆಲಸ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುವುದು. ಎರಡನೆಯ ಕೆಲಸ, ಇನ್ನು ಯಾರಿಗೆ ತೋರಿಸಲಿ ಎಂದು ಯೋಚಿಸುವುದು. ಮಾಗಡಿಯ ಕಾಲೇಜು ಹುಡುಗನೊಬ್ಬ ಸಿ.ಡಿ.ಗೆ ಹಾಕಿಸಿಕೊಂಡು ಹೋದ. ವಾರದೊಳಗೆ ಮಾಗಡಿ ಕಿರುಚಿತು. ಕನಕಪುರದ ಫೋಟೋ ಸ್ಟುಡಿಯೋದವನು ಇ-ಮೇಲಿನಲ್ಲಿ ತರಿಸಿಕೊಂಡ. ಪಾಸ್‌ಪೋರ್ಟ್ ಫೋಟೋಗೆ ಬಂದವರೆಲ್ಲ ಆ ತಿಂಗಳು ಕಣ್ಣು ಕಿಸಿದುಕೊಂಡೇ ಫೋಟೋದಲ್ಲಿ ಬಿದ್ದಿದ್ದಾರೆ. ಚನ್ನಪಟ್ಟಣದ ಬೊಂಬೆ ಅಂಗಡಿಯೊಂದರ ಕಂಪ್ಯೂಟರಿಗೂ ಬಂತು. ಕೊನೆಗೆ ನಮ್ಮ ಶಾಲೆಯ ಏಕೈಕ ಕಂಪ್ಯೂಟರಿಗೂ ಬಂದು, ನಮ್ಮ ಹೆಡ್‌ಮಾಸ್ಟರು ಬಾಯಲ್ಲಿದ್ದ ಮದ್ದೂರು ವಡೆಯನ್ನು ಕೀಬೋರ್ಡಿನ ಮೇಲೆ ಉದುರಿಸಿದರು. ಒರೆಸಿಕೊಂಡು ನನ್ನನ್ನು ಕರೆದು ಕೇಳಿದ್ದೇನು ಗೊತ್ತೇ? "ಮೇಡಂ, ನಿಮ್ಮ ಮನೆಯಲ್ಲಿ ಇಂಥ ಪ್ರತಿಭೆ ಇದ್ದಾರಂತೆ, ಹೇಳಲೇ ಇಲ್ಲ!" ಪ್ರತಿಭೆ! ಬೆಳಗಿನ ಪ್ರಾರ್ಥನೆಗೆ ವರ್ಷವಿಡೀ ಸುಭಾಷಿತ ಬರೆದುಕೊಡುತ್ತಿದ್ದ ನಾನು ಎದುರಿಗೇ ನಿಂತಿದ್ದೆ!

ಕೆಲವು ತಿಂಗಳ ಮೇಲೆ ಮಸ್ಕತ್ತಿನಲ್ಲಿದ್ದ ನಮ್ಮ ದೂರದ ನೆಂಟರೊಬ್ಬರಿಂದ ಇವಳಿಗೇ ಒಂದು ಮೇಲ್ ಬಂತು: 'ಮನಶ್ಶಾಂತಿಗೆ ಐದು ನಿಮಿಷ.' ಇವಳು ಮನಶ್ಶಾಂತಿ ಬಯಸಿ ತೆರೆದಳು. ಅದೇ ಆಟ, ಹೆಸರು ಮಾತ್ರ ಬೇರೆ! ಮತ್ತೆ ಕುರ್ಚಿಯ ಸಮೇತ ಬಿದ್ದಳು. ಬಿದ್ದಲ್ಲಿಂದಲೇ ನಗುತ್ತ, "ತವರಿಗೆ ಬಂದ ಮಗಳ್ನ ನಾನೇ ಗುರ್ತು ಹಿಡೀನಿಲ್ವಲ್ಲ ಅಕ್ಕಯ್ಯ!" ಎಂದು ಕಣ್ಣೊರೆಸಿಕೊಂಡಳು.

ನಾನು ಸುಮ್ಮನಿರಲು ಸಾಧ್ಯವೇ? ಮೈದುನನ ಕೈಯಲ್ಲಿ, ಅವಳ ಆಟ ಹೋಗಿದ್ದ ವಿಳಾಸಗಳಿಗೆಲ್ಲ ಯುಗಾದಿಗೆಂದು ನನ್ನದೊಂದು ಚುಟುಕವನ್ನು ಕಳಿಸಿದೆ:

'ಬೇವು ಕಹಿಯೆಂದೇಕೆ ಮುಖ ಸಿಂಡರಿಸುವಿರಿ?
ಬೆಲ್ಲವೂ ಉಂಟಲ್ಲ, ಬಾಯಿ ತೆರೆಯಿರಿ!'

ದಿನವೂ ಹೋಗಿ ಉತ್ತರ ಬಂತೇ ಎಂದು ವಿಚಾರಿಸಿದೆ. ಕೊನೆಗೂ ಒಂದೇ ಒಂದು ಬಂತು. ಮಾಗಡಿಯ ಅದೇ ಹುಡುಗನದು: 'ಮೇಡಂ, ತುಂಬಾ ಹೊತ್ತು ನೋಡಿದೆ. ಸ್ಪೀಕರ್ ಜೋರು ಮಾಡಿಯೂ ನೋಡಿದೆ. ಇದರಲ್ಲಿ ಮುಖ ಎಲ್ಲಿ ಬರುತ್ತೆ?'

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದೆ ಹೋದದ್ದು ನಮ್ಮತ್ತೆಯ ಪ್ರಸಂಗ.

ನಮ್ಮತ್ತೆ ಎಂದರೆ ಮಾಗಡಿ ಸೀಮೆಯ ಕಲ್ಲು. ನಗುವುದು ದಂಡ ಎಂದುಕೊಂಡವರು. ನಾನು ಆ ಮನೆಗೆ ಕಾಲಿಟ್ಟಂದಿನಿಂದ ಅವರ ಮುಖದಲ್ಲೊಂದು ನಗು ಮೂಡಿಸಲು ಪಟ್ಟ ಪಾಡು ನನಗೇ ಗೊತ್ತು. ಅವರೆಕಾಳನ್ನು ಹಿಚುಕಿ ಹಿಚುಕಿ ಬೆರಳು ಸುಕ್ಕಾದವು. ಒಬ್ಬಟ್ಟನ್ನು ಕಾಗದದಷ್ಟು ತೆಳ್ಳಗೆ ತಟ್ಟಿದೆ. ಸಿಕ್ಕಿದ್ದು ಏನು? "ಊಂ, ಪರವಾಗಿಲ್ಲ." ಇಂಥವರನ್ನು ನನ್ನ ಓರಗಿತ್ತಿ ಒಂದು ಬೆಳಿಗ್ಗೆ ಸೈಬರಿಗೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ, ನನ್ನನ್ನು ಮಾತ್ರ ಅವಳು ಬಾಗಿಲ ಹತ್ತಿರವೇ ಕೂರಿಸಿದ್ದಳು. ಹಸಿರು ಗುಡ್ಡಗಳ ನಡುವಿನ ತಿರುವು ರಸ್ತೆಯಲ್ಲಿ ಒಂದು ಕಾರು ನಿಧಾನವಾಗಿ ಹೋಗುವ ಚಿತ್ರ, ಹಿತವಾದ ಸಂಗೀತ.

"ಅತ್ತೆ, ನಿಮ್ ತವರೂರಿನ ದಾರಿ ಥರವೇ ಐತೆ ನೋಡಿ. ಆ ಮರ್ಗೋಳ ಹಿಂದೆ ನಿಮ್ ಊರೇನಾ?"

ಅತ್ತೆ ಕಣ್ಣು ಕಿರಿದು ಮಾಡಿ ಬಾಗಿದರು. ಅವರ ಮುಖ ನಾನೆಂದೂ ಕಾಣದಷ್ಟು ಮೃದುವಾಗಿತ್ತು. "ಅಂಗೇ ಅದೆ ಕಣೆ... ಅಲ್ಲಿ ಒಂದು ಅರಳೀಕಟ್ಟೆ..." ಎನ್ನುವಷ್ಟರಲ್ಲಿ ತೆರೆಯಿಂದ ಒಂದು ಹೆಣ ಚಂಗನೆ ನೆಗೆದು ಕಿರುಚಿತು!

ಅತ್ತೆ ಕಿರುಚಿದ್ದು ಅದಕ್ಕಿಂತ ಜೋರಾಗಿ. ಗೂಡುಗಳಲ್ಲಿದ್ದವರೆಲ್ಲ ಪರದೆ ಸರಿಸಿ ಇಣುಕಿದರು. ಇವತ್ತಿಗೆ ಇವಳ ಕಥೆ ಮುಗಿಯಿತು ಎಂದುಕೊಂಡೆ. (ಸುಳ್ಳೇಕೆ, ಒಸಿ ಸಂತೋಷವೂ ಆಯಿತು.) ಅತ್ತೆ ನಿಧಾನವಾಗಿ ಇವಳ ಕಡೆ ತಿರುಗಿದರು. ಕೆನ್ನೆ ಅದುರಿತು, ತುಟಿ ಅದುರಿತು, ಹೊಟ್ಟೆ ಅದುರಿತು. ನಗು! ಅತ್ತೆ ನಗುತ್ತಿದ್ದಾರೆ! ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಾರೆ! ಅವರ ಮೇಲಿನ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆವತ್ತು.

"ಇನ್ನೊಂದು ಕಿತ ಹಾಕೆ, ಮೂದೇವಿ!" ಎಂದರು. ಮೂದೇವಿ ಎಂಬ ಪದವನ್ನು ಅಷ್ಟು ಮುದ್ದಾಗಿ ಹೇಳಬಹುದೇ? ನನ್ನನ್ನು ಅವರು ಇವತ್ತಿಗೂ "ಟೀಚರಮ್ಮ" ಎಂದೇ ಕರೆಯುವುದು. ನಾನು ಮೂದೇವಿಯಾಗಲು ಹಂಬಲಿಸಿದ್ದು ಆ ಬೆಳಿಗ್ಗೆಯಿಂದ.

ಮುಂದೆ ಫೋನಿಗೆ ಬ್ಲೂಟೂತ್ ಬಂತು. ನಮ್ಮ ಮಾವ ಅದನ್ನು 'ನೀಲಿಹಲ್ಲು' ಎನ್ನುತ್ತಿದ್ದರು. ಸೊಸೆ ತುಂಬಿಕೊಟ್ಟ ವಿಡಿಯೋವನ್ನು ಅವರು ನೀಲಿಹಲ್ಲಿನಲ್ಲಿಟ್ಟುಕೊಂಡು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದರು. ಆಗಿನ್ನೂ ಕೈಯೆತ್ತಿ ಕೂಗುವ ಹರಾಜು. ಮಾವನ ಹಳೆಯ ಗೆಳೆಯರಾದ ನೂಲು ಬಿಚ್ಚುವ ಸಾಹೇಬರೊಬ್ಬರು ಫೋನ್ ನೋಡುತ್ತ ನಿಂತಿದ್ದರು. ಮುಖ ಬಂತು, ಸಾಹೇಬರು "ಯಾ ಅಲ್ಲಾ!" ಎಂದು ಎರಡೂ ಕೈ ಆಕಾಶಕ್ಕೆತ್ತಿದರು. ಹರಾಜಿನವನು ಆ ರಾಶಿಯನ್ನು ಅವರ ಹೆಸರಿಗೆ ಕೂಗಿಬಿಟ್ಟ! ಜಗಳವಾಗುವುದರಲ್ಲಿತ್ತು. ಆದರೆ ಆ ಗೂಡು ಬಿಚ್ಚಿದಾಗ ಅಂಥ ನೂಲು ಅವರು ಆ ವರ್ಷ ನೋಡಿರಲಿಲ್ಲವಂತೆ. ಆಮೇಲೆ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಮಾವನನ್ನು ಹುಡುಕುತ್ತಿದ್ದರು: "ಏನ್ ಗೌಡ್ರೇ, ಚಿಕ್ಕ ಸೊಸೆಯೋರು ಹೊಸ್ದು ಏನಾದ್ರೂ ಕಳ್ಸವ್ರಾ? ತೋರ್ಸಿ, ಒಂದ್ಸಲ ಹೆದರ್ಕೊಂಡು ಹರಾಜಿಗೆ ಹೋಯ್ತೀನಿ!"

ಸೈಬರ್ ಮುಚ್ಚಿತು, ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ವಾಟ್ಸಾಪ್ ಬಂತು. ಕಾಲ ಬದಲಾದರೂ ಇವಳ ಕೀರ್ತಿ ಕುಗ್ಗಲಿಲ್ಲ. ಒಮ್ಮೆ ನಾನೂ ಕೈ ನೋಡಿಯೇಬಿಡೋಣ ಎಂದು ಒಂದು ವಿಡಿಯೋ ಮಾಡಿದೆ. ರಾಮನಗರದ ಬೆಟ್ಟಗಳ ದೃಶ್ಯ, ಹಿನ್ನೆಲೆಯಲ್ಲಿ ನನ್ನದೇ ಧ್ವನಿಯ ವರ್ಣನೆ, ಕೊನೆಯಲ್ಲಿ ಥಟ್ಟನೆ ಒಂದು ದೆವ್ವದ ಮುಖದ ಕೂಗು. ಅತ್ತೆಯ ಮುಂದಿಟ್ಟು ಕಾದೆ. ನನ್ನ ವರ್ಣನೆ ಮುಗಿದು ಆ ಮುಖ ಕೂಗುವ ಹೊತ್ತಿಗೆ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಕೂಗಿಗೂ ಏಳಲಿಲ್ಲ. ನನ್ನ ಮಗಳು ಅದಕ್ಕೆ, "ಅಮ್ಮ, ಇದನ್ನ ನಿದ್ದೆ ಬಾರದವರಿಗೆ ಕಳಿಸು" ಎಂದಳು. ಹಡೆದ ಮಗಳೂ ಆ ಪಕ್ಷ!

ಆದರೆ ನನ್ನ ಹೊಟ್ಟೆಕಿಚ್ಚಿನ ನಿಜವಾದ ಕಾರಣವನ್ನು ನಾನಿನ್ನೂ ಹೇಳಿಲ್ಲ. ಅವಳು ನನ್ನನ್ನು ಹೆದರಿಸುತ್ತಿರಲಿಲ್ಲ. ಅತ್ತೆ, ಮಾವ, ನನ್ನ ಗಂಡ, ನನ್ನ ಮಗಳು, ಹಾಲಿನವನು, ನೀರು ಬಿಡುವವನು, ಬೈರಮಂಗಲದಿಂದ ಸೊಪ್ಪು ತರುವಾಕೆ, ಪಕ್ಕದ ಮನೆಗೆ ಮೊನ್ನೆ ಬಂದ ಸೊಸೆ, ಎಲ್ಲರಿಗೂ ಆಯಿತು. ನನಗೆ ಮಾತ್ರ ಇಲ್ಲ. ಮೊದಮೊದಲು ನಾನು ಹಿರಿಯಳೆಂಬ ಗೌರವ ಎಂದುಕೊಂಡೆ. ಅತ್ತೆಗಿಂತ ಹಿರಿಯಳೇ ನಾನು? ಆಮೇಲೆ ಬೇಕೆಂದೇ ಅವಳ ಮುಂದೆ ಸುಳಿದಾಡಿದೆ. "ಏನೋ ಹೊಸ ವಿಡಿಯೋ ಬಂದಿದೆಯಂತೆ" ಎಂದು ಕೆಣಕಿದೆ. "ಅಯ್ಯೋ, ನಿಮ್ಗೆ ಅದೆಲ್ಲ ಯಾಕೆ ಬುಡಿ ಅಕ್ಕಯ್ಯ" ಎಂದು ಫೋನನ್ನು ಮಗುಚಿ ಇಡುತ್ತಿದ್ದಳು. ಅಂದರೆ ನಾನು ಆಟಕ್ಕೆ ಬಾರದವಳು. ಒಟ್ಟಿಗೆ ಕಿರುಚಿ ಒಟ್ಟಿಗೆ ನಗುವ ಆ ಗುಂಪಿನಲ್ಲಿ ಟೀಚರಮ್ಮನಿಗೆ ಜಾಗವಿಲ್ಲ.

ಈ ಸಲದ ಹೊಸತೊಡಕಿನ ದಿನ ಅದು ಕಟ್ಟೆಯೊಡೆಯಿತು. ಯುಗಾದಿಯ ಮರುದಿನ ನಮ್ಮ ಕಡೆ ಬಾಡೂಟ. ನೆಂಟರೆಲ್ಲ ಸೇರಿದ್ದರು. ಮಧ್ಯಾಹ್ನ ಉಂಡವರೆಲ್ಲ ನಡುಮನೆಯಲ್ಲಿ ಅಲ್ಲಲ್ಲೇ ಒರಗಿಕೊಂಡು ಎಲೆಯಡಿಕೆ ಹಾಕುತ್ತಿದ್ದರು. ಇವಳು ಫೋನನ್ನು ಟೀವಿಗೆ ಸೇರಿಸುತ್ತ ಗುಟ್ಟಾಗಿ ಎಲ್ಲರಿಗೂ ಕಣ್ಣು ಮಿಟುಕಿಸುತ್ತಿದ್ದಳು. ನಾನೂ ಗೋಡೆಗೆ ಒರಗಿ ಜಾಗ ಮಾಡಿಕೊಂಡು ಕೂತೆ. ಅಷ್ಟರಲ್ಲಿ,

"ಅಕ್ಕಯ್ಯ, ಒಲೆ ಮ್ಯಾಲೆ ಸಾರು ಕುದೀತೈತೆ, ಒಸಿ ನೋಡ್ಬುಡಿ" ಎಂದಳು.

ಎದ್ದು ಒಳಗೆ ಹೋದೆ. ಒಲೆ ಆರಿತ್ತು. ಸಾರಿನ ಪಾತ್ರೆಯನ್ನು ತೊಳೆದು ಮಗುಚಿ ಹಾಕಿತ್ತು. ಆಗಲೇ ನಡುಮನೆಯಿಂದ ಇಡೀ ಮನೆ ಕಿರುಚಿದ ಸದ್ದು, ಅದರ ಬೆನ್ನಿಗೇ ಇಡೀ ಮನೆ ನಕ್ಕ ಸದ್ದು.

ಆರಿದ ಒಲೆಯ ಮುಂದೆ ನಾನೊಬ್ಬಳೇ ನಿಂತಿದ್ದೆ. ಐವತ್ತರ ಹತ್ತಿರ ಬಂದ ಹೆಂಗಸು, ಆಟಕ್ಕೆ ಸೇರಿಸಿಕೊಳ್ಳಲಿಲ್ಲವೆಂದು ಅಳುವುದೇ? ಅಳು ಬಂದುಬಿಟ್ಟಿತು.

ಅವಳು ನಗುತ್ತಲೇ ಒಳಗೆ ಬಂದವಳು ನನ್ನ ಮುಖ ನೋಡಿ ನಿಂತಳು.

"ಸಾರು ಎಲ್ಲಿದೆ?" ಎಂದೆ.

ಅವಳು ಮಗುಚಿದ ಪಾತ್ರೆಯ ಕಡೆ ನೋಡಿದಳು.

"ಬೀದಿಯಲ್ಲಿ ಹೋಗುವವರನ್ನೂ ಕರೆದು ತೋರಿಸುತ್ತೀಯ. ನನ್ನನ್ನು ಮಾತ್ರ ಎಬ್ಬಿಸಿ ಕಳಿಸುತ್ತೀಯ. ನಾನೇನು ಈ ಮನೆಯವಳಲ್ಲವೇನೇ?"

"ಅಂಗನ್ಬೇಡಿ ಅಕ್ಕಯ್ಯ..."

"ಮತ್ತೆ ಹೇಗನ್ನಲಿ? ಒಂದು ಸಲಕ್ಕಾದರೂ ನನಗೆ ತೋರಿಸಿದ್ದೀಯ?"

ಅವಳು ಕೈಯಲ್ಲಿದ್ದ ಫೋನನ್ನು ಕಟ್ಟೆಯ ಮೇಲಿಟ್ಟಳು. ನನ್ನ ಕಡೆ ನೋಡದೆ ಹೇಳಿದಳು:

"ತೋರ್ಸಿದ್ದೆ. ಒಂದ್ಸಲ. ನಾನು ಬಂದ ಹೊಸ್ದು. ನೀವು ಪ್ರಶ್ನೆಪತ್ರಿಕೆ ಪ್ರಿಂಟು ಹಾಕ್ಸೋಕೆ ಸೈಬರ್‌ಗೆ ಬಂದಿದ್ರಿ. ಆ ಆಟ ಆಡಿ ಅಂತ ನಾನೇ ಕೂರ್ಸಿದ್ದೆ. ಎಲ್ಲಾರ್ ಥರ ನೀವು ಕಿರುಚ್ನಿಲ್ಲ. ಎರಡೂ ಕೈಯ ಹೊಟ್ಟೆ ಮ್ಯಾಲೆ ಇಟ್ಕೊಂಡ್ರಿ. ಆಮೇಕೆ 'ಹೋಗೇ' ಅಂದು ನಕ್ಕುಬುಟ್ರಿ. ನೀವು ಬಸುರಿ ಅಂತ ನನ್ಗೆ ಗೊತ್ತಿರ್ನಿಲ್ಲ ಅಕ್ಕಯ್ಯ. ಯಾರ್ಗೂ ಹೇಳಿರ್ನಿಲ್ವಲ್ಲ ನೀವು. ಆ ತಿಂಗಳೇ... ಆಸ್ಪತ್ರೆಗೆ ಸೇರಿಸುದ್ರಲ್ಲ ನಿಮ್ಮನ್ನ."

ನನಗೆ ಆ ಆಟ ನೆನಪೇ ಇರಲಿಲ್ಲ. ಆ ತಿಂಗಳಿನಲ್ಲಿ ನೆನಪಿರುವುದು ಆಸ್ಪತ್ರೆಯ ಸುಣ್ಣದ ಗೋಡೆ ಒಂದೇ. ಉಳಿದದ್ದನ್ನೆಲ್ಲ ಅದು ನುಂಗಿಹಾಕಿತ್ತು.

"ನಾನೇ ಕಳೆದುಬುಟ್ಟೆ ಆ ಕೂಸ್ನ" ಎಂದಳು. "ಆಮೇಕೆ ಪುಟ್ಟಿ ನಿಮ್ ಹೊಟ್ಟೇಲಿದ್ದಾಗ ಸೈಬರ್ನಾಗಿದ್ದ ಸ್ಪೀಕರ್ನೆಲ್ಲ ಕಿತ್ತು ಗೋಣೀಲಿ ಕಟ್ಟಿಟ್ಟಿದ್ದೆ. ನೀವು ಅಲ್ಲಿಗೆ ಬತ್ತಿದ್ರಲ್ಲ, ಯಾವನಾರ ಹಾಕ್ಬುಟ್ಟಾನು ಅಂತವ. ಇವ್ರು ಗಿರಾಕಿ ಬತ್ತಿಲ್ಲ ಅಂತ ಬೈದ್ರು. ಬೈಯ್ಲಿ ಅಂದೆ."

ಇಷ್ಟು ವರ್ಷ! ನಮ್ಮ ಸೀಮೆಯನ್ನೆಲ್ಲ ನಗಿಸಿಕೊಂಡು ಓಡಾಡಿದ ಈ ಹೆಂಗಸು ಇಷ್ಟು ವರ್ಷ ಇದನ್ನು ಒಳಗೆ ಹೊತ್ತುಕೊಂಡು, ನಾನು ಎದುರಿಗೆ ಬಂದಾಗಲೆಲ್ಲ ಫೋನನ್ನು ಮಗುಚಿ ಇಡುತ್ತಿದ್ದಳೇ?

ನಾನು ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಡಾಕ್ಟರು ಆವತ್ತೇ ಹೇಳಿದ್ದರು ಕಣೆ. ಅದು ಮೊದಲಿನಿಂದಲೂ ಸರಿಯಾಗಿ ಬೆಳೆದಿರಲಿಲ್ಲ. ಯಾರ ತಪ್ಪೂ ಅಲ್ಲ, ಹೆದರಿಕೆಯಿಂದ ಹೀಗೆಲ್ಲ ಆಗುವುದಿಲ್ಲ ಅಂತ. ನೀನು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

"ನಿಜ್ವಾಗ್ಲೂ ಅಂಗಂದಿದ್ರಾ?"

"ನಿಜವಾಗಲೂ."

"ನನ್ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನಿನಗೆ ಸಮಾಧಾನ ಹೇಳುವಷ್ಟು ಒಳ್ಳೆಯವಳೇನೇ ನಾನು?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಡುಮನೆಯಿಂದ ಅತ್ತೆ, "ಎಲ್ರೇ ಹೋದ್ರಿ ಇಬ್ರೂವೆ?" ಎಂದು ಕೂಗಿದರು. ಅವಳ ಬಿಕ್ಕು ನಿಲ್ಲುವವರೆಗೆ ಕಾದು, ಕಟ್ಟೆಯ ಮೇಲಿದ್ದ ಫೋನನ್ನು ಅವಳ ಕೈಗೆ ಕೊಟ್ಟೆ.

"ತೋರಿಸು."

"ಬ್ಯಾಡ ಅಕ್ಕಯ್ಯ."

"ತೋರಿಸೇ ಅಂದೆ."

ಅವಳು ಒಂದು ವಿಡಿಯೋ ಹಾಕಿದಳು. ಕಿಟಕಿಯಲ್ಲಿ ಮಲಗಿದ ಒಂದು ಬೆಕ್ಕು, ಬಿಸಿಲು, ಅಲುಗುವ ಪರದೆ. ಏನು ಬರುತ್ತದೆಂದು ಗೊತ್ತಿದ್ದರೂ ನಾನು ಉಸಿರು ಹಿಡಿದು ಬಾಗಿದೆ. ಅವಳು ಫೋನನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು.

ಮುಖ ನೆಗೆಯಿತು. ನಾನು ಮನೆ ಹಾರಿಹೋಗುವಂತೆ ಕಿರುಚಿದೆ. ಕಿರುಚಿ ಕಣ್ಣು ಬಿಟ್ಟಾಗ ನನ್ನ ಎರಡೂ ಕೈ ಅವಳ ಕೊರಳನ್ನು ತಬ್ಬಿ ಹಿಡಿದುಕೊಂಡಿದ್ದವು.